ಹುಡುಕುವ ತಂದೆತಾಯಿ



2020ರಲ್ಲಿ ಕೊರೊನಾದಿಂದ ಶಾಲೆಗಳು ಮುಚ್ಚಿದಾಗ ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಅನೇಕ ಮನೆಗಳಲ್ಲಿ ಮೊಬೈಲೇ ತರಗತಿಯಾಯಿತು. ಪಠ್ಯಪುಸ್ತಕದ ಕ್ಯೂಆರ್ ಕೋಡ್‌ಗೆ ಫೋನ್ ಹಿಡಿದರೆ ‘ದೀಕ್ಷಾ’ದಲ್ಲಿ ಪಾಠ ತೆರೆಯುತ್ತದೆ. ಒಳ್ಳೆಯದೇ. ಆದರೆ ಫೋನಿನ ಉತ್ತರವನ್ನು ನಕಲು ಮಾಡಿ ತನ್ನದೆಂದು ಒಪ್ಪಿಸುವ ಮಗು ಕಲಿಯುವುದು ಸುಳ್ಳನ್ನಲ್ಲವೇ?

ಹನ್ನೆರಡು ವರ್ಷದ ಬಾಲಯೇಸು ದೇವಾಲಯದಲ್ಲಿ ಬೋಧಕರ ನಡುವೆ ಕುಳಿತು ಆಲಿಸಿದರು, ಪ್ರಶ್ನಿಸಿದರು (ಲೂಕ 2:46). ಮಾತೆ ಮರಿಯಮ್ಮನವರೂ ಸಂತ ಜೋಸೆಫರೂ ಅವರನ್ನು ಹುಡುಕಿ, ಮೂರು ದಿನಗಳ ಮೇಲೆ ಕಂಡರು. ಮಗು ಫೋನಿನೊಳಗೆ ಕಳೆದುಹೋದರೆ ನೀವೂ ಹುಡುಕಿರಿ.

“ನನಗೆ ಓದು ಬಾರದು” ಎನ್ನಬೇಡಿ, ತಾಯಂದಿರೇ. ಇಂದು ರಾತ್ರಿ ಜಪಸರವಾದ ಮೇಲೆ ಮಗುವಿನ ಪಕ್ಕ ಕುಳಿತು, “ಫೋನ್ ಆಚೆ ಇಡು, ಇವತ್ತು ಕಲಿತದ್ದನ್ನು ನನಗೆ ಹೇಳು” ಎನ್ನಿರಿ. ಹೇಳಲು ಬಂದರೆ ಕಲಿತಿದೆ. ಬಾರದಿದ್ದರೆ ನಾಳೆ ಮೇಷ್ಟ್ರನ್ನು ಕೇಳಲಿ. ಕೇಳುವುದಕ್ಕೆ ಬಾಲಯೇಸುವೇ ನಾಚಲಿಲ್ಲ.