ಅಡುಗೆಮನೆಯ ನಕ್ಷೆಯೂ ಗೃಹಸ್ಥನ ಹೊಣೆಯೂ

ದೇವನಹಳ್ಳಿಯ ಬಳಿ 2008ರಲ್ಲಿ ಅಂತರರಾಷ್ಟ್ರೀಯ ವಿಮಾನ ನಿಲ್ದಾಣ ಆರಂಭವಾದಂದಿನಿಂದ ಆ ತಾಲ್ಲೂಕಿನಲ್ಲಿಯೂ ನೆರೆಯ ದೊಡ್ಡಬಳ್ಳಾಪುರ, ಹೊಸಕೋಟೆ, ನೆಲಮಂಗಲಗಳಲ್ಲಿಯೂ ಭೂಮಿಯ ಬೆಲೆಯೂ ಮನೆಗಳ ರೂಪವೂ ಒಟ್ಟೊಟ್ಟಿಗೆ ಬದಲಾಗುತ್ತ ಬಂದಿವೆ. ಹೊಸ ಮನೆ ಕಟ್ಟಲಾರದವರು ಹಳೆಯದನ್ನೇ ನವೀಕರಿಸುತ್ತಾರೆ. ನವೀಕರಣವೆಂದರೆ ಬಹುಪಾಲು ಮನೆಗಳಲ್ಲಿ ಮೊದಲು ಕೈಹಚ್ಚುವುದು ಅಡುಗೆಮನೆಗೆ. ಬಡಗಿಯೋ ಮಾಡ್ಯುಲರ್ ಕಿಚನ್ ಅಂಗಡಿಯವನೋ ಬಂದು, ಅಳತೆ ತೆಗೆದುಕೊಂಡು, ಕೆಲವು ಪ್ರಶ್ನೆ ಕೇಳುತ್ತಾನೆ. ಡ್ರಾಯರ್ ಎಷ್ಟು? ಕಪಾಟು ಎಷ್ಟು? ಬಣ್ಣ ಯಾವುದು? ಚಿಮಣಿ ಬೇಕೇ? ಜೈನ ಗೃಹಸ್ಥನೂ ಇವಕ್ಕೆ ಉತ್ತರಿಸಿ ಮುಂಗಡ ಕೊಟ್ಟು ಕಳುಹಿಸುತ್ತಾನೆ. ಆ ಮನೆಯಲ್ಲಿ ಮುಂದಿನ ಎಷ್ಟೋ ವರ್ಷಗಳ ಕಾಲ ನಡೆಯಲಿರುವ ಜೀವಹಾನಿಯ ಬಹುಭಾಗವು ಆ ಅರ್ಧ ಗಂಟೆಯಲ್ಲಿಯೇ ನಿಶ್ಚಯವಾಗಿಹೋಯಿತೆಂಬುದು ಯಾರ ಗಮನಕ್ಕೂ ಬಂದಿರುವುದಿಲ್ಲ.

ಅಡುಗೆಮನೆಯು ನಿರಪಾಯವಾದ ಸ್ಥಳವೆಂದು ಪೂರ್ವಾಚಾರ್ಯರು ಎಂದೂ ಭಾವಿಸಿದವರಲ್ಲ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ದಾನವನ್ನು ಸ್ವೀಕರಿಸುವ ಆರ್ಯರನ್ನು ‘ಸೂನಾ’ ಮತ್ತು ‘ಆರಂಭ’ಗಳಿಂದ ದೂರವಾದವರೆಂದು ವರ್ಣಿಸಿದ್ದಾರೆ. ಸೂನಾ ಎಂದರೆ ವಧಾಸ್ಥಾನ. ಒರಳು, ಬೀಸುವ ಕಲ್ಲು, ಒಲೆ, ನೀರಿನ ಕೊಡ, ಪೊರಕೆ ಇವು ಪಂಚಸೂನಗಳು. ವೈದಿಕರ ಮನುಸ್ಮೃತಿಯೂ ಈ ಐದನ್ನು ಎಣಿಸುತ್ತದೆ. ಐದೂ ಇರುವುದು ಅಡುಗೆಮನೆಯಲ್ಲಿ ಅಥವಾ ಅದರ ಹೊಸಿಲಿನಲ್ಲಿ. ಗೃಹಸ್ಥನು ಇವನ್ನು ಬಿಡಲಾರನು. ಆದುದರಿಂದಲೇ ಆರಂಭೀ ಹಿಂಸೆಯನ್ನು ಸಂಕಲ್ಪೀ ಹಿಂಸೆಯಿಂದ ಬೇರ್ಪಡಿಸಿ, ಮೊದಲನೆಯದನ್ನು ಎಚ್ಚರದಿಂದ ತಗ್ಗಿಸಬೇಕೆಂದೂ ಎರಡನೆಯದನ್ನು ಸರ್ವಥಾ ತ್ಯಜಿಸಬೇಕೆಂದೂ ವಿಧಿಸಲಾಯಿತು. ಈಗ ಒರಳಿನ ಸ್ಥಾನದಲ್ಲಿ ಮಿಕ್ಸಿ ಬಂದಿದೆ, ಸೌದೆಯ ಒಲೆಯ ಸ್ಥಾನದಲ್ಲಿ ಗ್ಯಾಸ್ ಬಂದಿದೆ. ಐದು ಸೂನಗಳು ರೂಪ ಬದಲಿಸಿ ಉಳಿದುಕೊಂಡಿವೆ. ಅವುಗಳ ಜೊತೆಗೆ ಈ ಕಾಲವು ಆರನೆಯದೊಂದನ್ನು ಸೇರಿಸಿದೆಯೆಂದರೆ ತಪ್ಪಾಗದು. ಅದು ಮುಚ್ಚಿದ, ಆಳವಾದ, ಕಣ್ಣಿಗೆ ಎಟುಕದ ಕಪಾಟು.

ಈ ಸೀಮೆಯ ಹಳೆಯ ಅಡುಗೆಮನೆಯಲ್ಲಿ ಗೋಡೆಗೆ ಗೂಡುಗಳು, ತಲೆಯೆತ್ತರದಲ್ಲಿ ನಾಗಂದಿಗೆ, ಸೂರಿನಿಂದ ಇಳಿಬಿಟ್ಟ ನೆಲವು, ಮೇಲೆ ಅಟ್ಟ ಇರುತ್ತಿದ್ದವು. ಬೆಳಕು ಗವಾಕ್ಷಿಯಿಂದ ಬರಬೇಕು. ರಾಗಿಯು ವಾಡೆಯಲ್ಲಿಯೋ ಹಗೇವಿನಲ್ಲಿಯೋ ಇರುತ್ತಿತ್ತು. ರಾಗಿಗೆ ಹುಳು ಬೀಳುವುದು ಅಪರೂಪ. ಒಣಗಿಸಿ ಇಟ್ಟರೆ ಅದು ವರ್ಷಗಟ್ಟಲೆ ಕೆಡದೆ ಉಳಿಯುವ ಧಾನ್ಯ. ಅವರೆ, ತೊಗರಿ, ಹುರುಳಿಗಳ ಮಾತು ಹಾಗಲ್ಲ. ಅವುಗಳಿಗೆ ಬಿಸಿಲು ಕಾಣಿಸಿ, ತೊಗರಿಗೆ ಕೆಮ್ಮಣ್ಣು ಕಟ್ಟಿ, ಮೊರದಲ್ಲಿ ಕೇರಿ, ಕೈಯಾಡಿಸುತ್ತಲೇ ಇರಬೇಕಾಗುತ್ತಿತ್ತು. ಸುಗ್ಗಿ ವರ್ಷಕ್ಕೊಮ್ಮೆ, ಅಂಗಡಿ ದೂರ. ಸಂಗ್ರಹಕ್ಕೆ ಆಗ ಕಾರಣವಿತ್ತು. ಈ ಹಳೆಯ ಮನೆಯನ್ನು ಹೊಗಳಿ ಹಾಡುವುದೂ ಸಲ್ಲದು. ಆ ಕತ್ತಲೆಯಲ್ಲಿ, ಆ ಹೊಗೆಯಲ್ಲಿ ಎಷ್ಟು ಕ್ಷುದ್ರಜೀವಿಗಳು ಒಲೆಯ ಪಾಲಾದವು, ಎಷ್ಟು ತಾಯಂದಿರ ಕಣ್ಣು ಕೆಟ್ಟವು ಎಂಬುದಕ್ಕೆ ಲೆಕ್ಕವಿಲ್ಲ. ಅದರ ಒಂದು ಗುಣವನ್ನು ಮಾತ್ರ ಮರೆಯಬಾರದು: ದಿನಬಳಕೆಯ ವಸ್ತುವೆಲ್ಲ ಎದುರಿಗೇ ಇತ್ತು.

ಹೊಸ ಮಾದರಿಯಲ್ಲಿ ವಸ್ತುವು ಬಾಗಿಲ ಹಿಂದೆ ಸರಿಯುತ್ತದೆ. ಎಲ್ ಆಕಾರದಲ್ಲಿ ಎರಡು ಕಟ್ಟೆಗಳು ಕೂಡುವ ಮೂಲೆಯ ಕೆಳಗೆ ಸುಮಾರು ಎರಡಡಿ ಅಗಲ, ಎರಡಡಿ ಆಳದ ಒಂದು ಗುಹೆ ನಿರ್ಮಾಣವಾಗುತ್ತದೆ. ಕೈ ಅಲ್ಲಿಗೆ ಹೋಗುವುದಿಲ್ಲ, ಕಣ್ಣಂತೂ ಇಲ್ಲವೇ ಇಲ್ಲ. ಸಿಂಕಿನ ಕೆಳಗೆ ಸದಾ ತೇವ. ಕಪಾಟಿನ ಅಡಿಗೂ ನೆಲಕ್ಕೂ ನಡುವೆ ನಾಲ್ಕಾರು ಅಂಗುಲದ ಸಂದು. ಅದನ್ನು ಪಟ್ಟಿಯಿಂದ ಮರೆಮಾಡಿರುತ್ತಾರೆ. ಹೊಟ್ಟಿನ ಹಲಗೆಯು ನೀರು ಕುಡಿದು ಉಬ್ಬಿದಾಗ ಕೂಡುಗೆರೆಗಳು ಬಿರಿಯುತ್ತವೆ. ಜಿರಳೆಗೆ ಬೇಕಾದುದು ಇದೇ: ಮೈಗೆ ತಾಗುವಷ್ಟು ಇಕ್ಕಟ್ಟು, ಬಿಸುಪು, ತೇವ, ರಾತ್ರಿ ಹೊರಬಂದಾಗ ಒಂದಿಷ್ಟು ಜಿಡ್ಡು. ಮೂಲೆಯಲ್ಲಿ ಮರೆತುಹೋದ ಒಂದು ಕಡಲೆಬೇಳೆಯ ಪೊಟ್ಟಣದಿಂದ ಹೊರಟ ಹುಳು ಇಡೀ ಸಾಲಿನ ಡಬ್ಬಿಗಳಿಗೆ ಹರಡುತ್ತದೆ. ಕೊನೆಗೊಂದು ದಿನ ಮನೆಯವರು ಔಷಧಿ ಸಿಂಪಡಿಸುವವನನ್ನು ಕರೆಸುತ್ತಾರೆ. ಮರುದಿನ ಬೆಳಗ್ಗೆ ಕೆಲಸದವಳು ಗುಡಿಸಿ ಹೊರಹಾಕುವುದನ್ನು ಮನೆಯ ಯಜಮಾನರು ನೋಡುವುದಿಲ್ಲ. ಅವರು ಆ ಹೊತ್ತಿಗೆ ಬಸದಿಗೆ ಹೋಗಿರುತ್ತಾರೆ.

ಇಲ್ಲಿ ವಿಚಾರಿಸಬೇಕಾದ ಪ್ರಶ್ನೆ ಹುಟ್ಟುತ್ತದೆ. ಈ ಸಿಂಪಡಣೆ ಯಾವ ಬಗೆಯ ಹಿಂಸೆ? ಅಡುಗೆಯ ಸಲುವಾಗಿ ನಡೆದುದರಿಂದ ಆರಂಭೀ ಎನ್ನುವವರಿದ್ದಾರೆ. ರೋಗವನ್ನು ತರುವ ಜೀವಿಯಿಂದ ಮಕ್ಕಳನ್ನು ರಕ್ಷಿಸಿಕೊಂಡದ್ದು, ಆದುದರಿಂದ ವಿರೋಧೀ ಎನ್ನುವವರೂ ಇದ್ದಾರೆ. ಸಮಂತಭದ್ರರು ಅಹಿಂಸಾಣುವ್ರತವನ್ನು ನಿರೂಪಿಸುವಾಗ ಸಂಕಲ್ಪಪೂರ್ವಕವಾಗಿ ತ್ರಸಜೀವಿಗಳನ್ನು ಕೊಲ್ಲದಿರುವುದೆಂದು ಹೇಳಿ ನಿಲ್ಲಿಸಲಿಲ್ಲ. ತಾನು ಮಾಡುವುದು, ಇತರರಿಂದ ಮಾಡಿಸುವುದು, ಮಾಡಿದ್ದನ್ನು ಒಪ್ಪುವುದು ಈ ಮೂರನ್ನೂ ಸೇರಿಸಿದರು. ಹಣ ಕೊಟ್ಟು ಕರೆಸಿದವನ ಕೈಯಲ್ಲಿ ಡಬ್ಬಿಯಿತ್ತೆಂಬ ಸಮಾಧಾನವು ಆ ಮಾತಿನ ಮುಂದೆ ನಿಲ್ಲುವುದಿಲ್ಲ. ವಿರೋಧೀ ಎಂಬ ವಾದಕ್ಕೆ ತುಸು ಬಲವಿದೆ. ಆದರೆ ಶತ್ರುವು ತಾನಾಗಿ ಮೇಲೆ ಬಿದ್ದಾಗಲಷ್ಟೇ ಆ ಹೆಸರು ಸಲ್ಲುತ್ತದೆ. ತಾವೇ ಕತ್ತಲೆಯ ಕೋಣೆ ಕಟ್ಟಿಸಿ, ತೇವವಿಟ್ಟು, ಅನ್ನವಿಟ್ಟು ಬರಮಾಡಿಕೊಂಡ ಜೀವಿಯನ್ನು ಮೂರು ತಿಂಗಳಾದ ಮೇಲೆ ಶತ್ರುವೆಂದು ಕರೆಯುವುದು ನ್ಯಾಯವಾಗದು. ಸಿಂಪಡಿಸುವ ದಿನ ಗೃಹಸ್ಥನಿಗೆ ಬೇರೆ ದಾರಿ ಕಾಣದಿರಬಹುದು. ನಕ್ಷೆಯ ದಿನ ಅವನಿಗೆ ಹತ್ತು ದಾರಿಗಳಿದ್ದವು. ಪ್ರಮಾದದ ಯೋಗದಿಂದಾದ ಪ್ರಾಣಹಾನಿಯೇ ಹಿಂಸೆಯೆಂದು ತತ್ತ್ವಾರ್ಥಸೂತ್ರವು ಹೇಳುತ್ತದೆ. ಆ ಪ್ರಮಾದವು ಜರುಗಿದ್ದು ನಕ್ಷೆಗೆ ಒಪ್ಪಿಗೆ ಕೊಟ್ಟ ದಿನ.

ಹಸುಗೂಸಿರುವ ಮನೆಯಲ್ಲಿ ಈಗಾಗಲೇ ಜಿರಳೆ ತುಂಬಿದ್ದರೆ ಏನು ಮಾಡಬೇಕೆಂಬುದಕ್ಕೆ ನಿರ್ಮಲವಾದ ಉತ್ತರವಿಲ್ಲ. ತೇವವಾರಿಸಿ, ಸಂದು ಮುಚ್ಚಿ, ರಾತ್ರಿ ಎಂಜಲು ಉಳಿಸದೆ ತಿಂಗಳುಗಟ್ಟಲೆ ಕಾಯುವುದು ಸಾಧ್ಯವಾದವರಿಗೆ ಉತ್ತಮ ಮಾರ್ಗ. ಸಾಧ್ಯವಾಗದವರನ್ನು ಹೊರಗೆ ನಿಂತು ದೂಷಿಸುವುದು ಸುಲಭ, ಉಚಿತವಲ್ಲ.

ನಕ್ಷೆಯಾದರೂ ಹೇಗಿರಬೇಕು? ಇದಕ್ಕೆ ಶಾಸ್ತ್ರದಲ್ಲಿಯೇ ಒಂದು ಅಳತೆಗೋಲು ದೊರೆಯುತ್ತದೆ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಅಹಿಂಸಾವ್ರತದ ಐದು ಭಾವನೆಗಳನ್ನು ಹೇಳುವಲ್ಲಿ ಆದಾನನಿಕ್ಷೇಪಣ ಸಮಿತಿಯನ್ನೂ ಆಲೋಕಿತ ಪಾನಭೋಜನವನ್ನೂ ಎಣಿಸಿದೆ. ವಸ್ತುವನ್ನು ನೋಡಿ ತೆಗೆದುಕೊಳ್ಳಬೇಕು, ನೋಡಿ ಇಡಬೇಕು; ಅನ್ನಪಾನಗಳನ್ನು ಬೆಳಕಿನಲ್ಲಿ ಕಂಡು ಸ್ವೀಕರಿಸಬೇಕು. ಮುನಿಗಳು ಪಿಂಛ, ಕಮಂಡಲುಗಳನ್ನು ಎತ್ತಿಡುವಾಗ ಪಾಲಿಸುವ ಈ ನಿಯಮವು ಶ್ರಾವಕಿಯ ಡಬ್ಬಿಗಳಿಗೂ ಅನ್ವಯಿಸುತ್ತದೆ. ‘ಯತ್ನ’ವು ತದ್ಭವವಾಗಿ ಕನ್ನಡದಲ್ಲಿ ‘ಜತನ’ವಾಗಿದೆ, ಕಾಳುಕಡ್ಡಿಯನ್ನು ಜತನವಾಗಿಡು ಎಂದು ಅಜ್ಜಿಯರು ಹೇಳುವಾಗ ಯತ್ನಾಚಾರವನ್ನೇ ಬೋಧಿಸುತ್ತಿರುತ್ತಾರೆ. ಕಣ್ಣಿಗೆ ಕಾಣದ್ದನ್ನು ಜತನ ಮಾಡಲಾಗದು. ಆದುದರಿಂದ ಒಂದು ಡಬ್ಬಿಯ ಹಿಂದೆ ಇನ್ನೊಂದು ಡಬ್ಬಿ ಅಡಗದಷ್ಟೇ ಆಳದ ಹಲಗೆಗಳು ಧಾನ್ಯಕ್ಕೆ ಸಾಕು. ಒಂದಡಿಗಿಂತ ಹೆಚ್ಚು ಬೇಡ. ಕೆಳಗಿನ ಎರಡಡಿ ಆಳದಲ್ಲಿ ಪಾತ್ರೆಗಳನ್ನು ಮಾತ್ರ ಇಟ್ಟು, ಅಲ್ಲಿಯೂ ಪೂರ್ತಿ ಹೊರಗೆ ಎಳೆಯಬಲ್ಲ ಡ್ರಾಯರುಗಳನ್ನು ಮಾಡಿಸಬಹುದು. ಅಂಗಡಿಯವನ ಪಟ್ಟಿಯಲ್ಲಿ ಈರುಳ್ಳಿ ಆಲೂಗಡ್ಡೆಗೆಂದೇ ತಂತಿಯ ಬುಟ್ಟಿಯಿರುತ್ತದೆ. ಕಂದಮೂಲ ವರ್ಜಿಸಿದ ಮನೆಯವರೂ ಅದಕ್ಕೆ ಹಣ ಕೊಟ್ಟು ತರುವುದು ವಿನೋದದ ಸಂಗತಿ. ಗ್ಯಾಸು ಗಾಳಿಗಿಂತ ಭಾರವಾದುದರಿಂದ ಸೋರಿದರೆ ನೆಲಮಟ್ಟದಲ್ಲಿ ನಿಲ್ಲುತ್ತದೆ; ಸಿಲಿಂಡರಿನ ಗೂಡಿಗೆ ಕೆಳಭಾಗದಲ್ಲಿ ಗಾಳಿಕಂಡಿ ಇರಲೇಬೇಕು. ಪಶ್ಚಿಮಕ್ಕೆ ಒಂದು ಕಿಟಕಿಯಿದ್ದರೆ ಲಾಭವುಂಟು. ಈ ಸೀಮೆಯಲ್ಲಿ ಸೂರ್ಯಾಸ್ತವು ನವೆಂಬರಿನಲ್ಲಿ ಸುಮಾರು 5.50ಕ್ಕೆ, ಜುಲೈಯಲ್ಲಿ ಸುಮಾರು 6.50ಕ್ಕೆ, ರಾತ್ರಿಭೋಜನವನ್ನು ಬಿಟ್ಟವರ ಸಂಜೆಯ ಅಡುಗೆ ನಡೆಯುವುದು ಆ ಇಳಿಬಿಸಿಲಿನಲ್ಲಿಯೇ.

ಹೊರಗಿನವರೂ ಈ ದಿಕ್ಕಿನಲ್ಲಿ ಯೋಚಿಸದೆ ಇಲ್ಲ. ಜರ್ಮನಿಯ ಫ್ರಾಂಕ್‌ಫರ್ಟ್ ನಗರದಲ್ಲಿ ಕಾರ್ಮಿಕರ ಮನೆಗಳಿಗಾಗಿ 1926ರಲ್ಲಿ ಮಾರ್ಗರೆಟೆ ಶೂಟ್ಟೆ ಲಿಹೊಟ್ಸ್ಕಿ ಎಂಬ ಮಹಿಳೆ ರೂಪಿಸಿದ ಪುಟ್ಟ ಅಡುಗೆಮನೆಯು ಇಂದಿನ ಮಾಡ್ಯುಲರ್ ಮಾದರಿಗೆ ಮೂಲವೆನಿಸಿದೆ. ಗೃಹಿಣಿಯ ಹೆಜ್ಜೆಗಳನ್ನು ಉಳಿಸುವುದು ಆಕೆಯ ಗುರಿ. ಅದರಲ್ಲಿ ಒಂದೊಂದು ಪದಾರ್ಥಕ್ಕೂ ಹೆಸರು ಬರೆದ ಅಲ್ಯೂಮಿನಿಯಂ ಡಬ್ಬಿಗಳಿದ್ದವು. ಹಿಟ್ಟಿನ ಪೆಟ್ಟಿಗೆಗೆ ಮಾತ್ರ ಓಕ್ ಮರವನ್ನು ಬಳಸಿದ್ದರು. ಆ ಮರದ ಹತ್ತಿರ ಹಿಟ್ಟಿನ ಹುಳು ಸುಳಿಯದೆಂಬುದೇ ಕಾರಣ. ಕೊಲ್ಲುವ ಪ್ರಸಂಗವೇ ಬಾರದಂತೆ ಮೊದಲೇ ವ್ಯವಸ್ಥೆ ಮಾಡುವ ಈ ಬುದ್ಧಿ ಅವರಿಗೆ ಅಹಿಂಸೆಯ ಹೆಸರಿನಲ್ಲಿ ಬಂದುದಲ್ಲ, ಆದರೂ ಕಲಿಯತಕ್ಕದ್ದು. ಈಗ ಆ ಮಾದರಿಯ ಹೊಳಪು ಉಳಿದಿದೆ, ಆ ಮಿತಿ ಉಳಿದಿಲ್ಲ.

ಹಿಟ್ಟಿನ ಮಾತು ಬಂದುದರಿಂದ ಮರ್ಯಾದೆಯ ಲೆಕ್ಕವನ್ನೂ ನೋಡಬಹುದು. ಬೀಸಿದ ಹಿಟ್ಟಿಗೆ ಮಳೆಗಾಲದಲ್ಲಿ 3, ಬೇಸಿಗೆಯಲ್ಲಿ 5, ಚಳಿಗಾಲದಲ್ಲಿ 7 ದಿನಗಳ ಮರ್ಯಾದೆಯನ್ನು ದಿಗಂಬರ ಪರಂಪರೆ ಪಾಲಿಸುತ್ತ ಬಂದಿದೆ. ನಾಲ್ವರ ಸಂಸಾರಕ್ಕೆ ದಿನಕ್ಕೆ ಅರ್ಧ ಕಿಲೋ ಹಿಟ್ಟೆಂದು ಹಿಡಿದರೆ ಮಳೆಗಾಲದಲ್ಲಿ ಒಂದೂವರೆ ಕಿಲೋ, ಚಳಿಗಾಲದಲ್ಲಿಯೂ ಮೂರೂವರೆ ಕಿಲೋ ಮೀರಿ ಮನೆಯಲ್ಲಿ ಹಿಟ್ಟಿರುವಂತಿಲ್ಲ. ಹತ್ತು ಕಿಲೋ ಹಿಡಿಯುವ ಹಿಟ್ಟಿನ ಡ್ರಾಯರನ್ನು ಮಾಡಿಸಿದವರು ಮರ್ಯಾದೆಯನ್ನು ಮೀರುವುದಕ್ಕೆ ಮುಂಚಿತವಾಗಿಯೇ ಸ್ಥಳ ಕಾದಿರಿಸಿದಂತಾಯಿತು.

ಇಲ್ಲಿ ಒಂದು ಆಕ್ಷೇಪಕ್ಕೆ ಕಿವಿಗೊಡಲೇಬೇಕು. ಮೂರು ದಿನಕ್ಕೊಮ್ಮೆ ಹಿಟ್ಟು ಮಾಡಿಸುವವರಾರು? ಕಾಳನ್ನು ಬಿಸಿಲಿಗೆ ಹಾಕಿ ಆರಿಸುವವರಾರು? ನೀರನ್ನು ದಪ್ಪ ಬಟ್ಟೆಯಲ್ಲಿ ಗಾಳಿಸುವವರಾರು? ವ್ರತದ ಹೆಸರು ಯಜಮಾನನದು, ಸೊಂಟನೋವು ಯಜಮಾನಿಯದು. ಬೆಂಗಳೂರಿಗೆ ಕೆಲಸಕ್ಕೆ ಹೋಗಿ ಕತ್ತಲಾದ ಮೇಲೆ ಹಿಂದಿರುಗುವ ಸೊಸೆಗೆ ಸಂಗ್ರಹವನ್ನು ಕಡಿಮೆ ಮಾಡೆಂದು ಉಪದೇಶಿಸಿದರೆ, ದಿನವೂ ಅಂಗಡಿಗೆ ಓಡೆಂದೇ ಅರ್ಥ. ಈ ಆಕ್ಷೇಪ ಸತ್ಯವಾದುದು. ಶ್ರಾವಕಾಚಾರದ ಪ್ರವಚನಗಳಲ್ಲಿ ಇದಕ್ಕೆ ಸಿಗುವ ಮನ್ನಣೆ ಅತ್ಯಲ್ಪ. ದಣಿವೂ ಪ್ರಮಾದಕ್ಕೆ ಕಾರಣವೇ. ದಣಿದ ಕೈ ನೋಡದೆ ಡಬ್ಬಿ ತೆಗೆಯುತ್ತದೆ, ನೋಡದೆ ಒಲೆ ಹಚ್ಚುತ್ತದೆ. ಆದುದರಿಂದ ಕಟ್ಟೆಯ ಎತ್ತರವು ಅಲ್ಲಿ ನಿಲ್ಲುವವಳ ಮೊಣಕೈಗೆ ಹೊಂದಿರಬೇಕೆಂಬುದೂ, ಕುಳಿತು ಆರಿಸಲು ಬೆಳಕಿನ ಬಳಿ ಒಂದು ಜಾಗ ಇರಬೇಕೆಂಬುದೂ, ಇಬ್ಬರು ಒಟ್ಟಿಗೆ ನಿಂತು ಕೆಲಸ ಮಾಡುವಷ್ಟು ಅಗಲ ಬೇಕೆಂಬುದೂ ಸೌಕರ್ಯದ ವಿಷಯಗಳಷ್ಟೇ ಅಲ್ಲ. ಆ ಇಬ್ಬರಲ್ಲಿ ಒಬ್ಬನು ಗಂಡಸಾಗಿದ್ದರೆ ಹಿಟ್ಟಿನ ಮರ್ಯಾದೆ ಉಳಿಯುವ ಸಂಭವ ಹೆಚ್ಚು. ಕೆಲವರು ಮನೆಯಲ್ಲಿಯೇ ವಿದ್ಯುತ್ ಗಿರಣಿ ಇಟ್ಟುಕೊಂಡಿದ್ದಾರೆ, ಒಳ್ಳೆಯದೇ. ಆದರೆ ಅದರ ಸಂದುಗಳಲ್ಲಿ ಉಳಿದ ಹಿಟ್ಟನ್ನು ಪ್ರತಿಸಲವೂ ಒರೆಸದಿದ್ದರೆ ಅದೇ ಇನ್ನೊಂದು ಸೂನವಾಗುತ್ತದೆ.

ಧಾನ್ಯಕ್ಕಿಂತ ಹೆಚ್ಚಾಗಿ ಇಂದಿನ ಕಪಾಟುಗಳನ್ನು ತುಂಬಿರುವುದು ಪಾತ್ರೆ, ಯಂತ್ರ, ಉಡುಗೊರೆಯ ಡಬ್ಬಗಳು. ಪರಿಗ್ರಹಪರಿಮಾಣವ್ರತದ ಪಟ್ಟಿಯಲ್ಲಿ ಹೊಲ, ಮನೆ, ಚಿನ್ನಗಳ ಜೊತೆಗೆ ಧಾನ್ಯವೂ ಕುಪ್ಯಭಾಂಡವೂ ಸೇರಿವೆ. ಸಮಂತಭದ್ರರು ಆ ವ್ರತದ ಅತಿಚಾರಗಳಲ್ಲಿ ಅತಿಸಂಗ್ರಹವನ್ನು ಹೆಸರಿಸಿದ್ದಾರೆ. ಚಿನ್ನಕ್ಕೆ ಮಿತಿ ಹಾಕಿಕೊಂಡವರೂ ಕುಪ್ಯಭಾಂಡವನ್ನು ಮರೆಯುತ್ತಾರೆ. ಜಾಗವಿದ್ದರೆ ವಸ್ತು ತಾನಾಗಿ ಬಂದು ಸೇರುತ್ತದೆ. ಬಸದಿಗಳ ಟ್ರಸ್ಟುಗಳೂ ಇದಕ್ಕೆ ಹೊರತಲ್ಲ. ನೆಲಮಂಗಲ ತಾಲ್ಲೂಕಿನ ಮಣ್ಣೆ ಗಂಗರ ಮಾನ್ಯಪುರ. ಅಲ್ಲಿ ದಂಡನಾಯಕ ಶ್ರೀವಿಜಯನು ಜಿನಾಲಯವನ್ನು ಕಟ್ಟಿಸಿದ್ದನ್ನು 797ರ ತಾಮ್ರಶಾಸನವು ತಿಳಿಸುತ್ತದೆ. ಅಂತಹ ಪ್ರಾಚೀನ ಸೀಮೆಯ ಸಮಾಜವು ಪಾಕಶಾಲೆಯನ್ನು ಕಟ್ಟಿಸುವಾಗ ದಾನಿಗಳ ಹೆಸರು ಕೆತ್ತಿದ ಪಾತ್ರೆಗಳಿಗೆ ಉಗ್ರಾಣ ಕಟ್ಟುತ್ತದೆ, ಕಾಳು ಆರಿಸುವ ಜಗಲಿಯನ್ನು ಮರೆಯುತ್ತದೆ. ವರ್ಷಕ್ಕೆ ಎರಡು ಸಲ ತೆರೆಯುವ ಆ ಉಗ್ರಾಣದಲ್ಲಿ ಉಳಿದ ಅಕ್ಕಿಮೂಟೆಗಳ ಸ್ಥಿತಿಯನ್ನು ಬೀಗದ ಕೈ ಹಿಡಿದವರು ಬಲ್ಲರು. ಉತ್ಸವ ಮುಗಿದ ವಾರದೊಳಗೆ ಮಿಕ್ಕ ಧಾನ್ಯವನ್ನು ಹಂಚಿಬಿಡುವ ಠರಾವಿಗೆ ಖರ್ಚೇನೂ ಇಲ್ಲ.

ಅಳತೆಯವನನ್ನು ಕರೆಸುವ ಮುನ್ನ ಮನೆಯವರೆಲ್ಲರೂ ಕೂಡಿ ಹಳೆಯ ಅಡುಗೆಮನೆಯ ಸಾಮಾನನ್ನು ನಡುಮನೆಯಲ್ಲಿ ಹರಡುವುದು ಒಳ್ಳೆಯದು. ದಿನವೂ ಮುಟ್ಟುವುದು ಒಂದು ಕಡೆ, ಹಬ್ಬಕ್ಕೆ ಬೇಕಾದುದು ಒಂದು ಕಡೆ, ವರ್ಷದಿಂದ ಮುಟ್ಟದಿರುವುದು ಇನ್ನೊಂದು ಕಡೆ. ಮೂರನೆಯ ರಾಶಿಯು ಎಲ್ಲ ಮನೆಗಳಲ್ಲಿಯೂ ದೊಡ್ಡದಿರುತ್ತದೆ. ಅದು ಬೇಕಾದವರ ಮನೆ ಸೇರಿದ ಮೇಲೆ ಉಳಿದುದಕ್ಕೆ ಮಾತ್ರ ಸೀಮೆಸುಣ್ಣದಿಂದ ನೆಲದ ಮೇಲೆ ನಕ್ಷೆ ಬರೆಯಬಹುದು. ಅಂಗಡಿಯವನು ಬಂದಾಗ ಮೂಲೆಯ ಕಪಾಟು ಬೇಡವೆಂದರೆ, ಜಾಗ ವ್ಯರ್ಥವಾಗುತ್ತದೆಂದು ಅವನು ಹೇಳುವನು. ಒಪ್ಪದಿದ್ದರೆ ಹಲಗೆ ಬಡಿದು ಮುಚ್ಚುವೆನೆನ್ನುವನು. ಹಲಗೆಯ ಹಿಂದೆ ಕತ್ತಲೆ ಹಾಗೆಯೇ ಉಳಿಯುತ್ತದೆ. ಆ ಮೂಲೆಯನ್ನು ಇಟ್ಟಿಗೆ ಗಾರೆಯಿಂದ ಪೂರ್ತಿ ತುಂಬಿಸಿಬಿಡುವಂತೆ ಹೇಳಬೇಕು. ಅದಕ್ಕೆ ಒಬ್ಬ ಗಾರೆಯವನ ಅರ್ಧ ದಿನದ ಕೂಲಿ ಸಾಕು.