ಬೀಗವಿಲ್ಲದ ಬಾಗಿಲು

ತೆರೆದ ಬಾಗಿಲಿನಿಂದ ಒಳಹೊಕ್ಕು ಪರರ ವಸ್ತುವನ್ನು ಎತ್ತಿಕೊಂಡು ಹೋದವನು ಕಳ್ಳನೇ ಎಂಬ ಪ್ರಶ್ನೆಗೆ ಉತ್ತರ ಕಠಿನವಲ್ಲ. ಬೀಗವಿಲ್ಲದಿರುವುದು ಅನುಮತಿಯಾಗದು. ಕೊಡದಿದ್ದುದನ್ನು ತೆಗೆದುಕೊಳ್ಳುವುದು ಅದತ್ತಾದಾನವೆಂದು ಶ್ರಾವಕಾಚಾರವು ಬೋಧಿಸುತ್ತ ಬಂದಿದೆ. ಆದರೆ ಆ ಮನೆಯಲ್ಲಿದ್ದುದು ಯಜಮಾನನ ಸ್ವಂತ ಸೊತ್ತಾಗಿರದೆ, ಊರವರು ನಂಬಿ ಇಟ್ಟ ನ್ಯಾಸವಾಗಿದ್ದರೆ ದೋಷದ ವಿಚಾರ ಕಳ್ಳನಲ್ಲಿಯೇ ಮುಗಿಯುವುದೆ? ಜನರ ದಾಖಲೆಗಳೆಲ್ಲ ಗಣಕಯಂತ್ರವನ್ನು ಸೇರಿರುವ ಈ ಕಾಲದಲ್ಲಿ ಈ ಪ್ರಶ್ನೆ ವಿಚಾರಣೀಯವಾಗಿದೆ.

ದಾಖಲೆಗಳನ್ನು ಇರಿಸಿಕೊಂಡು, ಅಂತರ್ಜಾಲದ ಮೂಲಕ ಕೇಳಿದವರಿಗೆ ಒದಗಿಸುವ ಯಂತ್ರಕ್ಕೆ ಸರ್ವರ್ ಎಂದು ಹೆಸರು. ಅದನ್ನು ಉಗ್ರಾಣದ ಪಾರುಪತ್ಯಗಾರನಿಗೆ ಹೋಲಿಸಬಹುದು. ಅವನು ಕೇಳಬೇಕಾದ ಪ್ರಶ್ನೆಗಳು ಎರಡು: ಬಂದವರು ಯಾರು? ಕೇಳುತ್ತಿರುವ ವಸ್ತುವಿನ ಮೇಲೆ ಅವರಿಗೆ ಅಧಿಕಾರವಿದೆಯೆ? ಎರಡನೆಯದನ್ನು ಮರೆಯುವ ಸರ್ವರುಗಳುಂಟು. ಎರಡನ್ನೂ ಕೇಳದವೂ ಉಂಟು. ಅಂತಹ ಕಡೆ 1001ನೆಯ ದಾಖಲೆಯನ್ನು ನೋಡುತ್ತಿರುವವನು ವಿಳಾಸದಲ್ಲಿ 1002 ಎಂದು ತಿದ್ದಿದರೆ ಸಾಕು, ಪರರ ದಾಖಲೆ ತೆರೆದುಕೊಳ್ಳುತ್ತದೆ. ಕನ್ನವಿಕ್ಕುವ ಶ್ರಮವೂ ಇಲ್ಲ. ವೆಬ್ ಸುರಕ್ಷತೆಗಾಗಿ ದುಡಿಯುವ ಓವಾಸ್ಪ್ ಸಂಸ್ಥೆಯು 2021ರಲ್ಲಿ ಪ್ರಕಟಿಸಿದ ಹತ್ತು ಪ್ರಮುಖ ಅಪಾಯಗಳ ಪಟ್ಟಿಯಲ್ಲಿ ಪ್ರವೇಶ ನಿಯಂತ್ರಣದ ಲೋಪಕ್ಕೇ ಮೊದಲ ಸ್ಥಾನ.

ಎರಡು ಪ್ರಸಂಗಗಳು ಇಲ್ಲಿ ಮನನಯೋಗ್ಯವಾಗಿವೆ. ಕೆನಡಾದ ನೋವಾ ಸ್ಕೋಷಿಯಾ ಪ್ರಾಂತದ ಸರ್ಕಾರವು ಮಾಹಿತಿ ಹಕ್ಕಿನ ದಾಖಲೆಗಳನ್ನು ಅಂತರ್ಜಾಲದಲ್ಲಿ ಇರಿಸಿತ್ತು. 2018ರ ಮಾರ್ಚ್‌ನಲ್ಲಿ 19 ವರ್ಷದ ತರುಣನೊಬ್ಬ ವಿಳಾಸದ ಸಂಖ್ಯೆಯನ್ನು ಬದಲಿಸುತ್ತ ಸುಮಾರು 7,000 ದಾಖಲೆಗಳನ್ನು ಇಳಿಸಿಕೊಂಡ. ಅವುಗಳಲ್ಲಿ ಸುಮಾರು 250 ದಾಖಲೆಗಳು ಜನರ ಖಾಸಗಿ ವಿವರಗಳನ್ನು ಒಳಗೊಂಡಿದ್ದವು. ಏಪ್ರಿಲ್‌ನಲ್ಲಿ ಪೊಲೀಸರು ಅವನ ಮನೆಯನ್ನು ಶೋಧಿಸಿ ಅವನನ್ನು ಬಂಧಿಸಿದರು. ಎಲ್ಲವೂ ಸಾರ್ವಜನಿಕವೆಂದೇ ತಾನು ತಿಳಿದಿದ್ದೆನೆಂದು ಅವನು ಹೇಳಿದ. ಮೊಕದ್ದಮೆಗೆ ಆಧಾರವಿಲ್ಲವೆಂದು ಮೇ ತಿಂಗಳಿನಲ್ಲಿ ಪೊಲೀಸರೇ ಪ್ರಕಟಿಸಿದರು.

ಎರಡನೆಯದು ಅಮೆರಿಕದ್ದು. ಆಸ್ತಿ ಹಕ್ಕುಗಳ ವಿಮೆ ನಡೆಸುವ ಫಸ್ಟ್ ಅಮೆರಿಕನ್ ಕಂಪನಿಯಲ್ಲಿ 80 ಕೋಟಿಗೂ ಹೆಚ್ಚು ದಾಖಲಾ ಚಿತ್ರಗಳು ಇದೇ ಬಗೆಯಲ್ಲಿ ತೆರೆದಿದ್ದವೆಂಬುದು 2019ರ ಮೇ ತಿಂಗಳಿನಲ್ಲಿ ಬಯಲಾಯಿತು. ಲೋಪವು ಅದೇ ವರ್ಷದ ಜನವರಿಯಲ್ಲಿಯೇ ಕಂಪನಿಯ ಸುರಕ್ಷತಾ ಸಿಬ್ಬಂದಿಯ ವರದಿಯಲ್ಲಿ ದಾಖಲಾಗಿತ್ತು. ದುರಸ್ತಿ ಮಾತ್ರ ಆಗಿರಲಿಲ್ಲ, ಮೇಲಧಿಕಾರಿಗಳಿಗೆ ಸುದ್ದಿಯೂ ಮುಟ್ಟಿರಲಿಲ್ಲ. ಈ ಸಂಬಂಧ 2021ರಲ್ಲಿ ಅಮೆರಿಕದ ಷೇರು ವ್ಯವಹಾರಗಳ ಆಯೋಗವು 4,87,616 ಡಾಲರ್ ದಂಡ ವಿಧಿಸಿತು.

ತರುಣನ ಕ್ರಿಯೆ ಹೊರನೋಟಕ್ಕೆ ಕಳವಿನಂತೆ ಕಂಡರೂ ಅಪಹರಿಸುವ ಭಾವ ಅಲ್ಲಿರಲಿಲ್ಲ. ಅದೇ ದಾಖಲೆ ಪರರದೆಂದು ಅರಿತ ಮೇಲೂ ಬಾಚಿಕೊಳ್ಳುವವನಿಗೆ ಈ ಸಮಾಧಾನ ಸಲ್ಲದು. ಅವನ ಧರ್ಮವೆಂದರೆ ಅಲ್ಲಿಯೇ ನಿಂತು, ಒಡೆಯನಿಗೆ ತಿಳಿಸುವುದು. ಕಂಪನಿಯಾದರೋ ಯಾರ ವಸ್ತುವನ್ನೂ ಕದಿಯಲಿಲ್ಲ. ಆದರೂ ಅರಿತವರು ಸುಮ್ಮನಿದ್ದ ಪ್ರತಿದಿನವೂ ನಂಬಿದವರ ನ್ಯಾಸ ಬೀದಿಯಲ್ಲಿತ್ತು. ಪ್ರಮಾದವು ದೋಷರಹಿತವಲ್ಲ, ಅರಿತು ಮಾಡುವ ವಿಳಂಬವಂತೂ ಬರಿಯ ಪ್ರಮಾದವೂ ಅಲ್ಲ.

‘ಯಾರಿಗೂ ಹಾನಿಯಾಗಲಿಲ್ಲವಲ್ಲ’ ಎಂದು ವಾದಿಸುವವರುಂಟು. ಒತ್ತೆಯ ಒಡವೆಗಳನ್ನಿಟ್ಟ ಕೋಣೆಗೆ ಬೀಗ ಹಾಕದೆ ಊರಿಗೆ ಹೋದ ವರ್ತಕನು ಹಿಂದಿರುಗಿ ಬಂದಾಗ ಒಡವೆಗಳು ಹಾಗೆಯೇ ಇದ್ದರೆ ಅದು ಅವನ ಅದೃಷ್ಟ, ಪ್ರಾಮಾಣಿಕತೆಯಲ್ಲ.

ಬಸದಿಗಳ ಟ್ರಸ್ಟುಗಳೂ ದಾನಿಗಳ ಹೆಸರು, ದೂರವಾಣಿ, ಬ್ಯಾಂಕ್ ಖಾತೆಗಳ ವಿವರಗಳನ್ನು ಗಣಕಯಂತ್ರದಲ್ಲಿ ಇರಿಸಿದಲ್ಲಿ ಈ ಮಾತು ಅವಕ್ಕೂ ಅನ್ವಯಿಸುತ್ತದೆ. ಭಾರತದ ಸಂಸತ್ತು 2023ರಲ್ಲಿ ಅಂಗೀಕರಿಸಿದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯು ಸೂಕ್ತ ರಕ್ಷಣೆ ಒದಗಿಸದವರಿಗೆ 250 ಕೋಟಿ ರೂಪಾಯಿಗಳವರೆಗೆ ದಂಡವನ್ನು ಹೇಳಿದೆ. ಕಾಯಿದೆಯ ಭಯ ಕೆಳಗಿನ ಮೆಟ್ಟಿಲು. ನಂಬಿಕೆಯ ಋಣ ಅದಕ್ಕಿಂತ ಮೇಲಿನದು. ಯಾರು ಯಾವುದನ್ನು ನೋಡಬಹುದೆಂದು ನಿಗದಿಪಡಿಸುವುದು, ಕೆಲಸ ಬಿಟ್ಟವರ ಪ್ರವೇಶವನ್ನು ಅಂದೇ ರದ್ದುಪಡಿಸುವುದು, ಲೋಪ ಕಂಡೊಡನೆ ಸರಿಪಡಿಸುವುದು ಇವು ಕನಿಷ್ಠ ಕರ್ತವ್ಯಗಳು. ಇವೆಲ್ಲಕ್ಕೂ ಮೊದಲು, ಬೇಡದ ವಿವರಗಳನ್ನು ಕೇಳದಿರುವುದೇ ಲೇಸು. ಪರಿಗ್ರಹಕ್ಕೆ ಮಿತಿಯಿರಬೇಕೆಂಬ ಮಾತು ಪರರ ಮಾಹಿತಿಗೂ ಸಲ್ಲುತ್ತದೆ. ಸಂಗ್ರಹಿಸದಿದ್ದುದನ್ನು ಯಾವ ಕಳ್ಳನೂ ಕದಿಯಲಾರ.