ತಲುಪಿದ ಕೂಡಲೇ ತಿಳಿಸು

ಊರು ಬಿಟ್ಟು ಹೊರಡುವವರಿಗೆ ನಮ್ಮ ಕಡೆ ಹಿರಿಯರು ಹೇಳುವ ಮಾತು ಎರಡೇ. ಒಂದು, 'ಹೋಗ್ತೀನಿ ಅನ್ನಬೇಡ, ಹೋಗಿ ಬರ್ತೀನಿ ಅನ್ನು.' ಇನ್ನೊಂದು, 'ತಲುಪಿದ ಕೂಡಲೇ ತಿಳಿಸು.' ಮೊದಲನೆಯದಕ್ಕೆ ಯಾರೂ ತಕರಾರು ಎತ್ತುವುದಿಲ್ಲ. ಎರಡನೆಯದರ ಮೇಲೆ ಮಾತ್ರ ಹೆಚ್ಚುಕಡಿಮೆ ಪ್ರತಿ ಮನೆಯಲ್ಲೂ ಒಂದು ಸಣ್ಣ ವ್ಯಾಜ್ಯ ಇದ್ದೇ ಇರುತ್ತದೆ. ಹೊರಗೆ ನೆಲೆಸಿದವನು ತಾನು ಎಲ್ಲಿದ್ದೇನೆ, ಹೇಗಿದ್ದೇನೆ ಎಂಬ ಲೆಕ್ಕವನ್ನು ಮನೆಯವರಿಗೆ ಒಪ್ಪಿಸಬೇಕೇ? ಒಪ್ಪಿಸುವುದಾದರೆ ಎಷ್ಟರ ಮಟ್ಟಿಗೆ? ಹಾಗೆ ಕೇಳುವುದು ಪ್ರೀತಿಯೋ, ಹಿಡಿತವೋ? ಚೆನ್ನೈಗೆ ಬಂದು ನಾಲ್ಕು ದಶಕವಾದ ನನಗೆ ಈ ಪ್ರಶ್ನೆ ಹೊಸದಲ್ಲ. ಒಪ್ಪುವಂಥ ಉತ್ತರ ಸಿಕ್ಕಿದ್ದು ಮಾತ್ರ ಇತ್ತೀಚೆಗೆ, ಅದೂ ವಿಮಾನ ಹಾರಿಸಲು ಕಲಿಯುವವರ ನಿಯಮಗಳಲ್ಲಿ.

ತೀರ್ಥಹಳ್ಳಿಯ ಹತ್ತಿರ ಅಡಿಕೆ ತೋಟ ನೋಡಿಕೊಂಡಿರುವ ನನ್ನ ತಮ್ಮನ ಮಗಳು ಹೊರರಾಜ್ಯದ ಒಂದು ಶಾಲೆಯಲ್ಲಿ ಪೈಲಟ್ ತರಬೇತಿ ಪಡೆಯುತ್ತಿದ್ದಾಳೆ. ಅವಳು ಒಬ್ಬಳೇ ದೂರದ ಹಾರಾಟಕ್ಕೆ ಹೊರಡುವ ದಿನಗಳು ಬಂದಾಗ ತಮ್ಮನಿಗೆ ನಿದ್ದೆ ಹೋಯಿತು. ದಿನಕ್ಕೆ ಐದಾರು ಫೋನು. ಕೊನೆಗೆ ಅವಳು ನನಗೆ ಫೋನ್ ಮಾಡಿ, "ದೊಡ್ಡಪ್ಪ, ಅಪ್ಪಯ್ಯನಿಗೆ ನೀವಾದ್ರೂ ಹೇಳಿ. ಮೇಲೆ ನಾನು ಒಬ್ಬಳೇ ಇರ್ತೀನಿ ಅಂದ್ಕೊಂಡಿದ್ದಾರೆ. ಹಾರೋದು ಒಬ್ಬಳೇ, ಆದ್ರೆ ಒಬ್ಬಳೇ ಇರಲ್ಲ" ಎಂದಳು. ಆ ಮಾತು ನನ್ನನ್ನು ಹಿಡಿದುಕೊಂಡಿತು. ಬಿಡುವಿರುವ ಮನುಷ್ಯ ನಾನು. ಅವಳನ್ನೇ ಕೇಳಿ ಕೇಳಿ ವಿಷಯ ತಿಳಿದುಕೊಂಡೆ.

ನಮ್ಮ ದೇಶದಲ್ಲಿ ಖಾಸಗಿ ಪೈಲಟ್ ಲೈಸೆನ್ಸಿಗೆ ಕನಿಷ್ಠ 40 ಗಂಟೆ ಹಾರಿರಬೇಕು. ಅದರಲ್ಲಿ 20 ಗಂಟೆ ಒಬ್ಬರೇ. ಅದರಲ್ಲೂ 5 ಗಂಟೆ ಊರಿಂದೂರಿಗೆ. ಒಂದು ಹಾರಾಟವಂತೂ 150 ನಾಟಿಕಲ್ ಮೈಲಿಗೆ, ಅಂದರೆ ಸುಮಾರು 278 ಕಿಲೋಮೀಟರಿಗೆ ಕಡಿಮೆ ಇರಕೂಡದು, ನಡುವೆ ಎರಡು ಬೇರೆ ಬೇರೆ ನಿಲ್ದಾಣಗಳಲ್ಲಿ ಇಳಿದು ಏಳಬೇಕು. ಪಕ್ಕದ ಸೀಟಿನಲ್ಲಿ ಗುರು ಇರುವುದಿಲ್ಲ. ಗಾಳಿ, ಮೋಡ, ದಾರಿ, ಇಂಧನ ಎಲ್ಲದರ ಲೆಕ್ಕವೂ ವಿದ್ಯಾರ್ಥಿಯದೇ.

ಹೊರಡುವ ಮುಂಚೆ ಫ್ಲೈಟ್ ಪ್ಲಾನ್ ಎಂಬ ಫಾರಂ ತುಂಬಿ ಕೊಡಬೇಕು. ಎಲ್ಲಿಂದ ಎಲ್ಲಿಗೆ, ಯಾವ ದಾರಿ, ಯಾವ ಎತ್ತರ, ಎಷ್ಟು ಹೊತ್ತಿನ ಪಯಣ, ಎಷ್ಟು ಹೊತ್ತಿಗೆ ಸಾಲುವ ಇಂಧನ, ಒಳಗೆ ಎಷ್ಟು ಜನ. ಅದರಲ್ಲೊಂದು ಕಡೆ ವಿಮಾನದ ಬಣ್ಣ ಯಾವುದು ಎಂಬ ಪ್ರಶ್ನೆಯೂ ಇದೆ. ಹಾರುವುದಕ್ಕೂ ಬಣ್ಣಕ್ಕೂ ಏನು ಸಂಬಂಧ? ಸಂಬಂಧವಿಲ್ಲ. ಬಾರದೇ ಹೋದರೆ ಹುಡುಕುವವರಿಗೆ ಅದು ಬೇಕು. ಬ್ಯಾಂಕಿನಲ್ಲಿ ಸಾವಿರಾರು ಫಾರಂ ನೋಡಿದವನು ನಾನು. ನಮ್ಮ ಫಾರಂಗಳೆಲ್ಲ ಕೊಟ್ಟ ಹಣ ವಾಪಸ್ಸು ಬರುವ ಚಿಂತೆಯವು. ಮನುಷ್ಯ ವಾಪಸ್ಸು ಬರುವ ಚಿಂತೆಯ ಫಾರಂ ಇದೊಂದೇ ಕಂಡದ್ದು.

ಇನ್ನು ನೆಲದಲ್ಲಿ ಕುಳಿತವರ ಕೆಲಸ. ನಾವೆಲ್ಲ ಅದನ್ನು ಒಟ್ಟಾಗಿ ಏರ್ ಟ್ರಾಫಿಕ್ ಕಂಟ್ರೋಲ್ ಅಂದುಬಿಡುತ್ತೇವೆ. ನಿಯಮದಲ್ಲಿ ಅದರ ಹೆಸರು ವಿಮಾನ ಸಂಚಾರ ಸೇವೆ. ಅದರೊಳಗೆ ಮೂರು ಬಗೆ. ಮೊದಲನೆಯದು ನಿಯಂತ್ರಣ: ವಿಮಾನಕ್ಕೆ ವಿಮಾನ ತಾಗದಂತೆ ದಾರಿ, ಎತ್ತರ ಹೇಳುವುದು. ಎರಡನೆಯದು ಮಾಹಿತಿ: ಮುಂದೆ ಮಳೆ ಇದೆ, ಆ ನಿಲ್ದಾಣದಲ್ಲಿ ಗಾಳಿ ಹೀಗಿದೆ ಎಂದು ತಿಳಿಸುವುದು. ಮೂರನೆಯದು ಎಚ್ಚರ: ಬರಬೇಕಾದವನು ಬರಲಿಲ್ಲವೆಂದರೆ ಹುಡುಕುವವರನ್ನು ಎಬ್ಬಿಸುವುದು. ಹೇಳಿದ ಹೊತ್ತಿಗಿಂತ 30 ನಿಮಿಷ ಕಳೆದರೂ ಸುದ್ದಿಯಿಲ್ಲವೆಂದರೆ ಅದನ್ನು 'ಅನಿಶ್ಚಿತ' ಹಂತ ಎನ್ನುತ್ತಾರೆ. ವಿಚಾರಿಸಿದರೂ ಪತ್ತೆಯಾಗದಿದ್ದರೆ 'ಎಚ್ಚರಿಕೆ'ಯ ಹಂತ. ಇಂಧನ ಮುಗಿದಿರಬೇಕು ಎನ್ನುವ ಹೊತ್ತಾದರೆ 'ಅಪಾಯ'ದ ಹಂತ. ಗಾಬರಿಗೂ ಒಂದು ವೇಳಾಪಟ್ಟಿ, ನೋಡಿ! ಮೊದಲ ಅರ್ಧ ಗಂಟೆ ಯಾರೂ ಬಾಯಿ ಬಡಿದುಕೊಳ್ಳುವುದಿಲ್ಲ. ಅರ್ಧ ಗಂಟೆಯ ಮೇಲೆ ಯಾರೂ ಸುಮ್ಮನೆ ಕೂರುವಂತಿಲ್ಲ.

ವೇಲಚೇರಿಯ ನಮ್ಮ ತಾರಸಿಯಿಂದ ಮೀನಂಬಾಕ್ಕಂನ ವಿಮಾನಗಳು ಕಾಣುತ್ತವೆ. ಇಷ್ಟು ವರ್ಷ ಅವು ನನಗೆ ಬರೀ ಸದ್ದು. ಈಗ ಗೊತ್ತಾಗಿದೆ: ಭಾರತದ ಆಕಾಶವನ್ನು ಮುಂಬೈ, ದೆಹಲಿ, ಕೋಲ್ಕತ್ತ, ಚೆನ್ನೈ ಎಂದು ನಾಲ್ಕು ಮುಖ್ಯ ವಲಯಗಳಾಗಿ ಹಂಚಿದ್ದಾರೆ. ಬೆಂಗಳೂರು, ಮಂಗಳೂರಿನ ಮೇಲಿನ ಆಕಾಶ ಚೆನ್ನೈ ವಲಯಕ್ಕೆ ಸೇರಿದ್ದು. ನಾನು ಊರು ಬಿಟ್ಟು ಬಂದೆ ಅಂದುಕೊಂಡ ಈ ನಗರದ ಹೆಸರಲ್ಲೇ ನನ್ನೂರ ಕಡೆಯ ಆಕಾಶಕ್ಕೂ ಒಬ್ಬ ಕಾವಲುಗಾರ ಇದ್ದಾನೆ.

ಈ ಮೂರು ಸೇವೆಗಳನ್ನು ಬೇರೆ ಬೇರೆ ಇಟ್ಟದ್ದರಲ್ಲಿ ದೊಡ್ಡ ವಿವೇಕವಿದೆ. ನಿಯಂತ್ರಣ ಎಂಬ ಹೆಸರಿದ್ದರೂ ಕಂಟ್ರೋಲರ್ ವಿಮಾನ ಹಾರಿಸುವುದಿಲ್ಲ. ಅವನು ಕೊಟ್ಟ ಸೂಚನೆಯನ್ನು ಪೈಲಟ್ ತಿರುಗಿ ಹೇಳಿ ಒಪ್ಪಿಸಬೇಕು, ಹೌದು. ಆದರೆ ಅದು ತನ್ನಿಂದಾಗದು ಅನಿಸಿದರೆ 'ಆಗುವುದಿಲ್ಲ' ಎನ್ನುವುದಕ್ಕೂ ಅಲ್ಲಿ ಗೊತ್ತುಪಡಿಸಿದ ಪದವಿದೆ. ಕೊನೆಯ ತೀರ್ಮಾನ ಪೈಲಟನದು, ಅವನು ವಿದ್ಯಾರ್ಥಿಯಾಗಿದ್ದರೂ. ಅಮೆರಿಕದಲ್ಲಿ ಕಲಿಯುವವರಿಗೆ ಅಲ್ಲಿನ ವಿಮಾನಯಾನ ಇಲಾಖೆಯೇ ಒಂದು ಸಲಹೆ ಕೊಡುತ್ತದೆ: ರೇಡಿಯೋದಲ್ಲಿ ಮೊದಲು ಮಾತಾಡುವಾಗಲೇ 'ನಾನು ವಿದ್ಯಾರ್ಥಿ ಪೈಲಟ್' ಎಂದು ಹೇಳಿಕೊಳ್ಳಿ, ಆಗ ಎದುರಿನವರು ನಿಧಾನವಾಗಿ ಹೇಳುತ್ತಾರೆ. ನನಗೆ ಗೊತ್ತಿಲ್ಲ ಎಂದು ಹೇಳುವುದು ಅಲ್ಲಿ ಅವಮಾನವಲ್ಲ, ವಿಧಾನ. ಪರಊರಿಗೆ ಬಂದ ಎಷ್ಟು ಹುಡುಗರು ಇದನ್ನು ಹೇಳಲಾರದೆ ಕಷ್ಟಪಟ್ಟಿದ್ದಾರೆ!

ಮನೆಗಳಲ್ಲಿ ನಾವು ಮಾಡುವುದು ಈ ಮೂರನ್ನೂ ಕಲಸಿಬಿಡುವುದು. 'ತಲುಪಿದೆಯಾ?' ಎನ್ನುವುದು ಎಚ್ಚರದ ಪ್ರಶ್ನೆ. ಅದರ ಬೆನ್ನಿಗೇ 'ಯಾರ ಜೊತೆ ಹೋದೆ, ಏನು ತಿಂದೆ, ಯಾಕಿಷ್ಟು ಖರ್ಚು' ಎಂದು ನಿಯಂತ್ರಣ ಶುರುವಾಗುತ್ತದೆ. ಎರಡನೆಯದಕ್ಕೆ ಹೆದರಿದ ಮಕ್ಕಳು ಮೊದಲನೆಯದಕ್ಕೂ ಉತ್ತರ ಕೊಡುವುದನ್ನು ನಿಲ್ಲಿಸುತ್ತಾರೆ.

ಇದಕ್ಕೀಗ ಯಂತ್ರದ ಉಪಾಯ ಬಂದಿದೆ. ಮಗಳ ಫೋನ್ ಎಲ್ಲಿದೆ ಎಂದು ಅಪ್ಪ ತನ್ನ ಫೋನಿನಲ್ಲೇ ನೋಡಬಹುದು. ಅದು ರೇಡಾರ್ ಇದ್ದಂತೆ, ಹೇಳದಿದ್ದರೂ ಕಾಣುತ್ತದೆ. ಆದರೆ ರೇಡಾರ್ ಇಲ್ಲದ ಕಾಲದಲ್ಲೂ, ಈಗ ರೇಡಾರ್ ಎಟುಕದ ಕಡೆಗಳಲ್ಲೂ ಕೆಲಸ ನಡೆಯುವುದು ಪೈಲಟನ ಮಾತಿನ ಮೇಲೆ. 'ಇಂಥ ಕಡೆ ಇದ್ದೇನೆ, ಇಷ್ಟು ಎತ್ತರ, ಇಷ್ಟು ಹೊತ್ತಿಗೆ ಮುಂದಿನ ಊರು' ಎಂದರೆ ನೆಲದವನು ನಂಬಬೇಕು. ನಂಬುತ್ತಾನೆಂದೇ ಮೇಲಿನವನು ಸುಳ್ಳು ಹೇಳುವಂತಿಲ್ಲ. 1949ರಲ್ಲಿ ಜಕ್ಕೂರಿನ ಸರ್ಕಾರಿ ವೈಮಾನಿಕ ಶಾಲೆಯಲ್ಲಿ ಕಲಿತು ಪೈಲಟ್ ಆದ ಉಷಾ ಸುಂದರಂ ಅವರ ಕಾಲ ಇಂಥದ್ದೇ. ಅವರ ಪತಿ ಕ್ಯಾಪ್ಟನ್ ವಿ. ಸುಂದರಂ ಮೈಸೂರು ಮಹಾರಾಜರ ವಿಮಾನ ಹಾರಿಸಿದವರು. ಮುಂದೆ ಮದರಾಸಿಗೆ ಬಂದು ನೆಲೆಸಿದ ಆ ದಂಪತಿ 1959ರಲ್ಲಿ ಆರಂಭಿಸಿದ ಬ್ಲೂ ಕ್ರಾಸ್ ಪ್ರಾಣಿದಯಾ ಸಂಸ್ಥೆ ನಮ್ಮ ವೇಲಚೇರಿ ರಸ್ತೆಯಲ್ಲೇ ಇದೆ. ಹೇಳಿದ್ದರಿಂದ ತಿಳಿಯುವುದು ಬೇರೆ, ಕದ್ದು ನೋಡಿದ್ದರಿಂದ ತಿಳಿಯುವುದು ಬೇರೆ. ಮೊದಲನೆಯದರಲ್ಲಿ ಇಬ್ಬರಿಗೂ ಕರ್ತವ್ಯವಿದೆ. ಎರಡನೆಯದರಲ್ಲಿ ಒಬ್ಬನಿಗೆ ಬರೀ ಕುತೂಹಲ, ಇನ್ನೊಬ್ಬಳಿಗೆ ಬರೀ ಕಿರಿಕಿರಿ.

ಹಾಗೆಂದು ನಂಬಿಕೆಯೊಂದೇ ಸಾಲದು. 2014ರ ಮಾರ್ಚ್ 8ರಂದು ಮಲೇಷ್ಯಾದ ಎಂಎಚ್ 370 ವಿಮಾನ ಕಣ್ಮರೆಯಾದದ್ದು ಕ್ವಾಲಾಲಂಪುರದ ಉಸ್ತುವಾರಿಯಿಂದ ವಿಯೆಟ್ನಾಮಿನ ಉಸ್ತುವಾರಿಗೆ ದಾಟುವ ಗಡಿಯಲ್ಲಿ. ಪೈಲಟನ ಕೊನೆಯ ಮಾತು ಕೇಳಿದ್ದು ರಾತ್ರಿ 1.19ಕ್ಕೆ. ವಿಯೆಟ್ನಾಮಿನವರು ವಿಮಾನ ಎಲ್ಲಿ ಎಂದು ಕೇಳಿದ್ದು 1.39ಕ್ಕೆ. ಮಲೇಷ್ಯಾದ ಶೋಧನಾ ಕೇಂದ್ರ ಚಾಲೂ ಆದದ್ದು ಬೆಳಗಿನ 5.30ಕ್ಕೆ. ಬೇಗ ಕೇಳಿದ್ದರೆ ಉಳಿಯುತ್ತಿದ್ದರು ಎಂದು ನಾನು ಹೇಳಲಾರೆ. ಆದರೆ ಇಬ್ಬರು ಕಾಯುವ ಕಡೆ ಯಾರೂ ಕಾಯದಂತಾಗುವುದು ನಮ್ಮ ಕುಟುಂಬಗಳಿಗೂ ಗೊತ್ತಿರುವ ಸಂಗತಿ. ಊರಲ್ಲಿ ಒಂಟಿ ತಾಯಿ. ಅಣ್ಣ ವಿಚಾರಿಸಿರುತ್ತಾನೆ ಎಂದು ತಮ್ಮ, ತಮ್ಮ ಹತ್ತಿರದಲ್ಲಿದ್ದಾನಲ್ಲ ಎಂದು ಅಣ್ಣ.

2015ರ ಡಿಸೆಂಬರ್ ಪ್ರವಾಹದಲ್ಲಿ ವೇಲಚೇರಿ ಮುಳುಗಿತು. ಮೀನಂಬಾಕ್ಕಂ ನಿಲ್ದಾಣವೇ ಕೆಲವು ದಿನ ಮುಚ್ಚಿತ್ತು. ಕರೆಂಟಿಲ್ಲ, ಫೋನಿಲ್ಲ. ಮೂರನೆಯ ದಿನ ನಮ್ಮ ಕಟ್ಟಡದ ಒಬ್ಬ ತಮಿಳು ಹುಡುಗ ಹದಿನಾಲ್ಕು ಮನೆಯವರ ಊರಿನ ನಂಬರುಗಳನ್ನು ಚೀಟಿಯಲ್ಲಿ ಬರೆದುಕೊಂಡು ಸೊಂಟದ ನೀರಲ್ಲಿ ನಡೆದು ಹೋದ. ಸಿಗ್ನಲ್ ಸಿಕ್ಕ ಕಡೆ ನಿಂತು ಒಂದೊಂದೇ ಮನೆಗೆ ಫೋನ್ ಮಾಡಿದ. ತೀರ್ಥಹಳ್ಳಿಯಲ್ಲಿ ತಮ್ಮ ಎತ್ತಿಕೊಂಡಾಗ ಕೇಳಿದ್ದು, 'ಸಾರ್ ನಲ್ಲಾ ಇರುಕ್ಕಾರ್.' ತಮ್ಮನಿಗೆ ತಮಿಳು ಬಾರದು. ಅರ್ಥವಾಯಿತು.

ಒಂದು ಆಕ್ಷೇಪವನ್ನು ಇಲ್ಲಿ ಗಂಭೀರವಾಗಿಯೇ ತೆಗೆದುಕೊಳ್ಳಬೇಕು. ಮನೆಯವರಿಗೆ ಗೊತ್ತಾಗಬಾರದೆಂದೇ ಊರು ಬಿಟ್ಟವರಿದ್ದಾರೆ. ಜಾತಿ ಮೀರಿ ಮದುವೆಯಾದವರು, ಹೊಡೆತ ತಾಳದೆ ಬಂದವರು. ಅವರೂ ಲೆಕ್ಕ ಒಪ್ಪಿಸಬೇಕೇ? ಬೇಡ. ನನಗೆ ತೋರುವುದು ಇಷ್ಟು: ತಿಳಿಯುವ ಹಕ್ಕು ರಕ್ತಸಂಬಂಧದಿಂದ ಬರುವುದಲ್ಲ, ನಾವು ಕಾಣೆಯಾದರೆ ನಮ್ಮ ಒಳಿತಿಗಾಗಿ ಹುಡುಕಿಕೊಂಡು ಬರುವವರು ಯಾರೋ ಅವರಿಗೆ ಆ ಹಕ್ಕು. ಅದು ಗೆಳತಿ ಇರಬಹುದು, ಓನರಮ್ಮ ಇರಬಹುದು. ಹುಡುಕಲು ಎಷ್ಟು ಬೇಕೋ ಅಷ್ಟಕ್ಕೇ ಆ ಹಕ್ಕಿನ ಮಿತಿ. ವಿಮಾನದ ಬಣ್ಣ ಕೇಳಬಹುದು. ಪೈಲಟ್ ಯಾರನ್ನು ನೆನೆಯುತ್ತಾ ಹಾರುತ್ತಿದ್ದಾಳೆ ಎಂದು ಕೇಳುವಂತಿಲ್ಲ. ಇನ್ನು, ಯಾರಿಗೂ ಹೇಳದೆ ಇರುವುದೇ ಸ್ವಾತಂತ್ರ್ಯ ಎನ್ನುವವರಿಗೆ ಒಂದು ಮಾತು. ಇಳಿದ ಮೇಲೆ ಫ್ಲೈಟ್ ಪ್ಲಾನ್ ಮುಗಿಸಿದೆ ಎಂದು ತಿಳಿಸದೆ ಮನೆಗೆ ಹೋಗಿ ಮಲಗಿದವನಿಗಾಗಿ ಇನ್ಯಾರೋ ಕತ್ತಲಲ್ಲಿ ಹುಡುಕಲು ಹೊರಡುತ್ತಾರೆ. ತನ್ನ ಮೌನದ ಬೆಲೆಯನ್ನು ಬೇರೆಯವರಿಂದ ಕಟ್ಟಿಸುವುದು ಸ್ವಾತಂತ್ರ್ಯವಲ್ಲ.

ತಮ್ಮನಿಗೆ ಇದನ್ನೆಲ್ಲ ಹೇಳಿದೆ. ಒಪ್ಪಂದವೂ ಆಯಿತು: ಹೊರಡುವ ಮುಂಚೆ ಒಂದು ಸಂದೇಶ, ಇಳಿದ ಮೇಲೆ ಒಂದು. ನಡುವೆ ಅವನು ಕೇಳುವಂತಿಲ್ಲ. ಹೇಳಿದ ಹೊತ್ತಿಗಿಂತ ಅರ್ಧ ಗಂಟೆ ಮೀರಿದರೆ ಶಾಲೆಗೆ ಫೋನ್ ಮಾಡಬಹುದು.

ಊರಲ್ಲಿ ಕುಳಿತು ಇದನ್ನು ಓದುತ್ತಿರುವ ನಿಮಗೆ ಹೇಳಬೇಕಾದ್ದು ಇನ್ನೊಂದಿದೆ. ಹೊರಗಿರುವವರ ಲೆಕ್ಕ ಕೇಳುವ ನೀವು ನಿಮ್ಮ ಲೆಕ್ಕ ಕೊಡುವುದಿಲ್ಲ. ಜ್ವರ ಬಂದರೆ ಹೇಳುವುದಿಲ್ಲ, ಬಚ್ಚಲಲ್ಲಿ ಜಾರಿ ಬಿದ್ದರೆ ಹೇಳುವುದಿಲ್ಲ. 'ಅಷ್ಟು ದೂರದಲ್ಲಿರೋರಿಗೆ ಗಾಬರಿ ಯಾಕೆ' ಎನ್ನುತ್ತೀರಿ. ಕಳೆದ ಮಳೆಗಾಲದಲ್ಲಿ ತಮ್ಮ ಎದೆನೋವೆಂದು ಎರಡು ದಿನ ಆಸ್ಪತ್ರೆಯಲ್ಲಿದ್ದು ಬಂದ. ನನಗೂ ಮಗಳಿಗೂ ತಿಳಿದದ್ದು ಮೂರು ವಾರದ ಮೇಲೆ, ಅದೂ ನೆರೆಯವರ ಬಾಯಲ್ಲಿ. ಅವಳು ಅತ್ತಳು, ಆಮೇಲೆ ಕೇಳಿದಳು: "ಅಪ್ಪಯ್ಯನ ಫ್ಲೈಟ್ ಪ್ಲಾನ್ ಯಾರ ಹತ್ರ ಇದೆ ದೊಡ್ಡಪ್ಪ?"

ನನ್ನ ಬಳಿ ಉತ್ತರವಿರಲಿಲ್ಲ. ತಮ್ಮನ ಬಳಿಯೂ ಇರಲಿಲ್ಲ. ಈಗ ಅವನು ಶಿವಮೊಗ್ಗದ ಡಾಕ್ಟರ ಹತ್ತಿರ ತೋರಿಸಲು ಹೋಗುವಾಗ ಯಾವ ಬಸ್ಸು, ಎಷ್ಟು ಹೊತ್ತಿಗೆ ವಾಪಸ್ಸು ಎಂದು ಮಗಳಿಗೆ ಬರೆದು ಹೋಗುತ್ತಾನೆ. ಹೋದ ತಿಂಗಳು ಮನೆ ಸೇರಿದ್ದನ್ನು ತಿಳಿಸಲು ಮರೆತು ತೋಟಕ್ಕೆ ಇಳಿದುಬಿಟ್ಟಿದ್ದ. ಅರ್ಧ ಗಂಟೆ ಕಾದು ಅವಳೇ ಫೋನ್ ಮಾಡಿದಳು.